ಕೊನೆಯ ಹಾಳೆಯ ವಾಸನೆ

ಪುಸ್ತಕದೊಳಗೆ ಜನ ಏನೇನು ಇಟ್ಟು ಮರೆಯುತ್ತಾರೆ ಎಂಬುದನ್ನು ಅಂಟಮ್ಮನ ಬಾಯಿಂದ ಊಟಕ್ಕೆ ಮುಂಚೆ ಕೇಳಬಾರದು. ಊಟವಾದ ಮೇಲಂತೂ ಕೇಳಲೇಬಾರದು. ಮೀನಿನ ಮುಳ್ಳು. ಹಲ್ಲಿನ ಸಂದಿಯಲ್ಲಿ ಆಡಿಸಿದ ಕಡ್ಡಿ. ಗಾಯದಿಂದ ಕಿತ್ತ ಪಟ್ಟಿ, ಹತ್ತಿಯ ಸಮೇತ. ಒಮ್ಮೆ ಒಂದು ಕವನ ಸಂಗ್ರಹದ ನಡುವೆ ಕತ್ತರಿಸಿದ ಉಗುರುಗಳು ಸಿಕ್ಕಿದ್ದವು. ಎಣಿಸಿದಳು, ಒಂಬತ್ತು. ಹತ್ತನೆಯದು ಯಾವ ಪದ್ಯದಲ್ಲಿ ಅಡಗಿದೆಯೋ ಎಂದು ಪುಟ ಮಗುಚುತ್ತಾ ಅರ್ಧ ದಿನ ಹೋಯಿತು, ಹೊಟ್ಟೆ ತೊಳಸುವುದು ಮಾತ್ರ ಎರಡು ದಿನ ನಿಲ್ಲಲಿಲ್ಲ.

"ಓದೋ ಕಣ್ಣಿಗೆ ನಾನು ಮರ್ಯಾದೆ ಕೊಡ್ತೀನಪ್ಪ. ಆದ್ರೆ ಆ ಕಣ್ಣಿನ ಕೆಳಗೆ ಒಂದು ಬಾಯಿ, ಎರಡು ಕೈ ಇರ್ತಾವಲ್ಲ, ಅವನ್ನ ಬಾಗಿಲಲ್ಲೇ ಬಿಚ್ಚಿಟ್ಟು ಬರೋ ಹಾಗೆ ಕಾನೂನು ಮಾಡಬೇಕು" ಎನ್ನುವಳು.

ಅವಳು ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ರಟ್ಟು ಕಟ್ಟುವವಳು. ಇಪ್ಪತ್ತಾರು ವರ್ಷದ ಕೆಲಸ. ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವಳು ಅಂಟಮ್ಮ. ಕೋಣೆಗೆ ಒಂದೇ ಕಿಟಕಿ, ಅದರ ಕೆಳಗೆ ಕಬ್ಬಿಣದ ಒತ್ತುಯಂತ್ರ, ಪಕ್ಕದಲ್ಲಿ ಮೈದಾ ಹಿಟ್ಟಿನ ಅಂಟು ಕಾಯಿಸುವ ಸಣ್ಣ ಒಲೆ. ಹುಳ ಬಾರದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದಳು. ಆ ನೀಲಿ ಬಣ್ಣ ಅವಳ ಉಗುರಿನ ಬುಡದಲ್ಲಿ ಕೂತು ಎಷ್ಟೋ ವರ್ಷವಾಗಿತ್ತು.

ಪುಸ್ತಕ ಕೈಗೆ ಬಂದರೆ ಅವಳು ಮೊದಲು ಮೂಸುತ್ತಿದ್ದಳು. ಬೂಷ್ಟು ಹಿಡಿದದ್ದಕ್ಕೆ ಒಂದು ವಾಸನೆ, ಮಗು ವಾಂತಿ ಮಾಡಿದ್ದಕ್ಕೆ ಇನ್ನೊಂದು, ಕಾಯಿಲೆಯವರ ಹಾಸಿಗೆಯಲ್ಲಿ ಬಿದ್ದಿದ್ದಕ್ಕೆ ಮತ್ತೊಂದು. ವೈದ್ಯರು ನಾಡಿ ಹಿಡಿದ ಹಾಗೆ ಅವಳದು ಮೂಗು. ಆದರೆ ಓದುತ್ತಿರಲಿಲ್ಲ. ಹೊಲಿಯುವವಳು ಓದಲು ಕೂತರೆ ಸೂಜಿ ಅಲ್ಲೇ ತುಕ್ಕು ಹಿಡಿಯುತ್ತದೆ ಎಂಬುದು ಅವಳ ಶಾಸ್ತ್ರ.

ಇನ್ನೊಂದು ಶಾಸ್ತ್ರ ದಾರದ್ದು. ಇನ್ನು ಏನೂ ಮಾಡಲಾಗದು, ರದ್ದಿಗೆ ಹೋಗಲಿ ಎಂದರೆ ಬಿಳಿ ದಾರ. ಇದು ಬೇಕಾದ ಪುಸ್ತಕ, ಯಾರೋ ಕಾದಿದ್ದಾರೆ, ಮೊದಲು ಇದಕ್ಕೆ ಕೈ ಹಾಕು ಎಂದರೆ ಕೆಂಪು ದಾರ. ಇದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಬರೆಯುವುದೇನಿದೆ, ಕಟ್ಟಡಕ್ಕೆಲ್ಲ ಗೊತ್ತಿತ್ತು.

ಆ ತಿಂಗಳು ಕೆಂಪು ದಾರ ಕಟ್ಟಿದ ಪುಸ್ತಕಗಳಲ್ಲಿ ಒಂದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಒಂದು ದಪ್ಪ ಪ್ರವಾಸದ ಪುಸ್ತಕ. ಗಡಿಯಾರ ರಿಪೇರಿ ಮಾಡುವವನೊಬ್ಬ ಮೂರು ವರ್ಷ ಕಾಲ್ನಡಿಗೆಯಲ್ಲಿ ಊರೂರು ಸುತ್ತಿ ಬರೆದದ್ದು, ನಾನೂರ ಹದಿನಾರು ಪುಟ. ಗ್ರಂಥಾಲಯದಲ್ಲಿ ಇದ್ದದ್ದು ಅದೊಂದೇ ಪ್ರತಿ. ಅಚ್ಚು ಹಾಕಿದ ಮುದ್ರಣಾಲಯವೇ ಮುಚ್ಚಿಹೋಗಿ ಬಹಳ ಕಾಲವಾಗಿತ್ತು. ಅಂಥ ಪುಸ್ತಕವನ್ನು ಯಾರೋ ಒಬ್ಬರು ಎಣ್ಣೆಯಲ್ಲಿ ಮುಳುಗಿಸಿ ಎತ್ತಿದ ಹಾಗೆ ಮಾಡಿದ್ದರು. ಓದಿದ ಪ್ರತಿ ಪುಟದ ಕೆಳಮೂಲೆಯಲ್ಲೂ ಹೆಬ್ಬೆರಳಿನ ಗುರುತು. ಓದದೆ ಉಳಿದ ಪುಟಗಳಿಗೂ ಜಿಡ್ಡು ಇಳಿದು ಮೂಲೆಗಳಲ್ಲಿ ಗಾಜಿನಂತೆ ಆಚೆಯದು ಈಚೆ ಕಾಣುತ್ತಿತ್ತು. ಬಿಡಿಸಿದರೆ ಸಾಕು, ಹಳಸಲು ಕರಿದ ಎಣ್ಣೆಯ ಗಬ್ಬು ಮುಖಕ್ಕೆ ರಾಚುತ್ತಿತ್ತು.

ಆ ಓದುಗನಿಗೆ ಅವಳು ಜಿಡ್ಡುಬೆರಳು ಎಂದು ಹೆಸರಿಟ್ಟಿದ್ದಳು. ಮುಖ ನೋಡಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಚಿತ್ರ ಸಿದ್ಧವಾಗಿತ್ತು. ದೊಡ್ಡ ಹೊಟ್ಟೆ, ಹೊಟ್ಟೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಪುಸ್ತಕ, ಒಂದು ತುತ್ತಿಗೆ ಒಂದು ಪುಟ, ನಡುವೆ ತೇಗು.

"ಇವನ ಸದಸ್ಯತ್ವ ರದ್ದು ಮಾಡಿ" ಎಂದು ಕೌಂಟರಿನ ಗುಮಾಸ್ತನಿಗೆ ಹೇಳಿದ್ದಳು.

"ಜಿಡ್ಡಿಗೆ ನಿಯಮ ಇಲ್ಲ ಅಂಟಮ್ಮ. ಹರಿದ್ರೆ ಇದೆ, ಕಳೆದ್ರೆ ಇದೆ" ಎಂದಿದ್ದ ಅವನು. "ಪಾಪ, ಮೂರು ಸಲ ಅವಧಿ ವಿಸ್ತರಿಸಿದ್ದೂ ಆಯ್ತು, ಇನ್ನೂ ಮುಗಿದಿಲ್ಲವಂತೆ. ಕೊನೇ ನಲವತ್ತೆಂಟು ಪುಟ ಉಳಿದಿವೆ. ಹೊಲಿಗೆ ಬಿಚ್ಚಿಹೋಗಿದೆ, ಸರಿಮಾಡಿ ಕೊಡ್ತೀವಿ ಅಂತ ಹೇಳಿ ಇಸ್ಕೊಂಡಿದ್ದೀನಿ. ಯಾವತ್ತು ಬರಲಿ ಅಂತ ಬರೀಲಿ?"

ಅಂಟಮ್ಮ ಮೂಗು ಮುರಿಯುತ್ತಲೇ ಚೀಟಿಯಲ್ಲಿ ತಾರೀಖು ಬರೆದು ಕೊಟ್ಟಿದ್ದಳು. ಅಸಹ್ಯ ಬೇರೆ, ಮಾತು ಬೇರೆ. ಇಪ್ಪತ್ತಾರು ವರ್ಷದಲ್ಲಿ ಅವಳು ಬರೆದ ತಾರೀಖಿಗೆ ಪುಸ್ತಕ ಸಿಗದೆ ಹೋದವರು ಒಬ್ಬರೂ ಇರಲಿಲ್ಲ. ಅವಳ ಹತ್ತಿರ ಇದ್ದ ಆಸ್ತಿ ಎಂದರೆ ಅದೊಂದೇ.

ಇಷ್ಟರಲ್ಲಿ ಹೊಸದಾಗಿ ಬಂದಿದ್ದ ಮೇಲಧಿಕಾರಿ ಮೇಡಂಗೆ ಒಂದು ಯೋಚನೆ ಬಂತು. ಮುಂದಿನ ಹಜಾರದಲ್ಲಿ ಒಂದು ಪ್ರದರ್ಶನ. ಕಲೆ, ಪುಸ್ತಕ, ತಿಂಡಿ, ಪ್ರವಾಸ, ಇವುಗಳಿಂದ ದಿನದಿನವೂ ಸ್ಫೂರ್ತಿ ಪಡೆಯುವುದು ಹೇಗೆ ಎಂದು ಜನರಿಗೆ ತೋರಿಸುವುದು. ಅದಕ್ಕಾಗಿ ಅಲಂಕಾರ ಮಾಡುವವಳೊಬ್ಬಳನ್ನು ಕರೆಸಿದರು. ಹಳೆಯ ಪುಸ್ತಕದ ಹಾಳೆಗಳಿಂದ ಹಕ್ಕಿ, ಹೂವು, ದೀಪದ ಮುಸುಕು ಮಾಡುವುದರಲ್ಲಿ ಆಕೆ ಎತ್ತಿದ ಕೈಯಂತೆ.

ಅಲಂಕಾರದಾಕೆ ಹಿಂಬದಿಯ ಕೋಣೆಗೆ ಬಂದ ಹೊತ್ತಿಗೆ ಅಂಟಮ್ಮನ ಗ್ರಹಚಾರ ನೆಟ್ಟಗಿರಲಿಲ್ಲ. 'ಮನೆಯನ್ನು ಚೊಕ್ಕಟವಾಗಿಡುವ ಬಗೆ' ಎಂಬ ಪುಸ್ತಕದ ನಡುವಿನಿಂದ ಅವಳು ಒಂದು ಬೇಯಿಸಿದ ಮೊಟ್ಟೆಯ ಹೋಳನ್ನು ಕೆರೆಯುತ್ತಿದ್ದಳು. ಯಾರೋ ಪುಣ್ಯಾತ್ಮರು ಅದನ್ನು ಗುರುತಿಗೆಂದು ಇಟ್ಟು ಮಡಚಿದ್ದರು. ಬಿಳಿ ಭಾಗ ಕೊಂಬಿನ ಹಾಗೆ ಗಟ್ಟಿಯಾಗಿ, ಹಳದಿ ಭಾಗ ಹಸಿರಾಗಿ, ಸುತ್ತ ಏನೋ ಮಿಜಿಮಿಜಿ ಹರಿಯುತ್ತಿತ್ತು. ಅಂಟಮ್ಮ ಮೂಗು ಬಾಯಿ ಸೇರಿಸಿ ಬಟ್ಟೆ ಬಿಗಿದುಕೊಂಡಿದ್ದಳು. ಬಾಯಿ ತೆರೆದರೆ ಬೆಳಗ್ಗೆ ತಿಂದದ್ದು ಹೊರಗೆ ಬರುವ ಹಾಗಿತ್ತು.

"ನಮಸ್ಕಾರ ಅಮ್ಮಾ. ಕೆಲಸಕ್ಕೆ ಬಾರದ ಪುಸ್ತಕ ಇದ್ರೆ ಕೊಡ್ತೀರಿ ಅಂತ ಮೇಡಂ ಹೇಳಿದ್ರು. ಹಳೇ ಕಾಗದದ ಬಣ್ಣ ಎಷ್ಟು ಮುದ್ದಾಗಿರುತ್ತೆ ಅಲ್ವಾ?"

ಅಂಟಮ್ಮ ಮೊಟ್ಟೆಯಿಂದ ಕಣ್ಣೆತ್ತಲಿಲ್ಲ. ಮುದ್ದಂತೆ ಮುದ್ದು. ಚಾಕು ಹಿಡಿದ ಕೈಯನ್ನೇ ಕಪಾಟಿನ ಕಡೆ ಬೀಸಿದಳು. ಬಟ್ಟೆಯೊಳಗಿಂದಲೇ, "ದಾರ ನೋಡ್ಕೊಂಡು ತಗೊಂಡ್ಹೋಗಿ" ಎಂದಳು. ಬಿಳಿ ಎನ್ನಲಿಲ್ಲ. ಎರಡೇ ಅಕ್ಷರ. ಆಗ ಬಾಯಿಗೆ ಅದು ಭಾರವಾಯಿತು.

ನಾಳೆ ಮೇಡಂ ಹತ್ತಿರ ಬೀಗದ ಕೈ ಇಸಿದುಕೊಂಡು ಬಂದು ಒಯ್ಯುತ್ತೇನೆ ಎಂದು ಆಕೆ ಹೋದಳು. ಮಾರನೆಯ ದಿನದಿಂದ ಅಂಟಮ್ಮನಿಗೆ ಹತ್ತು ದಿನ ರಜೆ. ಎಡಗಣ್ಣಿನ ಪೊರೆ ತೆಗೆಸಬೇಕಿತ್ತು. ಹಾಗೆ ಪೊರೆ ತೆಗೆಸಿಕೊಂಡು ಬಂದು, ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತಳು. ಜೊತೆಗಿದ್ದ ತಂಗಿ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕುವಳು, ಎಂಟು ಸಲ ರೇಗಿಸುವಳು.

"ಅಕ್ಕಾ, ನಿನಗೆ ಕಣ್ಣು ಯಾಕೆ ಬೇಕು? ದೇವರು ಮೂಗು ಕೊಟ್ಟಿದ್ದಾನಲ್ಲ, ನಾಯಿಗಿರೋ ಅಂಥದ್ದು."

"ಹೌದು ಕಣೇ. ಅದಕ್ಕೇ ನಿನ್ನ ಸಾರು ಒಲೆ ಮೇಲಿದ್ದಾಗಲೇ ಹಳಸಿದೆ ಅಂತ ಗೊತ್ತಾಗುತ್ತೆ."

ಮಾತಿಗೆ ಮಾತು ಬಂದು ಅಲಂಕಾರದಾಕೆಯ ಕಥೆಯೂ ಬಂತು. ತಂಗಿ ಹನಿ ಹಾಕುವ ಸೀಸೆ ಹಿಡಿದುಕೊಂಡೇ ಕೇಳಿದಳು. "ಅಲ್ಲಾ, ಅವಳು ಹೊಸಬಳು. ಅವಳಿಗೆ ನಿನ್ನ ದಾರದ ಶಾಸ್ತ್ರ ಹೇಗೆ ಗೊತ್ತಿರುತ್ತೆ?"

"ಎಲ್ಲರಿಗೂ ಗೊತ್ತು."

"ನನಗೇ ಗೊತ್ತಿಲ್ಲ. ನಾನಾದ್ರೆ ಕೆಂಪು ಅಂದ್ರೆ ತಪ್ಪು, ಬೇಡ, ಆಚೆ ಎಸಿ ಅಂದ್ಕೋತೀನಿ. ಪರೀಕ್ಷೆಯಲ್ಲಿ ಮೇಷ್ಟ್ರು ಕೆಂಪಲ್ಲೇ ತಾನೇ ಗೀಚೋದು?"

ಅಷ್ಟು ದಡ್ಡರು ಇರುತ್ತಾರೆಯೇ ಎಂದುಕೊಂಡು ಅಂಟಮ್ಮ ಹನಿಗೆ ಮುಖ ಮೇಲೆತ್ತಿದಳು. ಕಣ್ಣಿಗೆ ಹನಿ ಬಿದ್ದಾಗ ಯೋಚನೆ ಮಾಡಲೂ ಆಗುವುದಿಲ್ಲ, ಉರಿ.

ರಜೆ ಮುಗಿದ ಬೆಳಗ್ಗೆ ಒಂಬತ್ತಕ್ಕೇ ಕೋಣೆಯ ಬೀಗ ತೆಗೆದಳು. ಬಿಳಿ ದಾರದವು ಕಟ್ಟು ಕಟ್ಟಾಗಿ ಇದ್ದಲ್ಲೇ ಇದ್ದವು. ಕೆಂಪು ದಾರದ ಸಾಲು ಬೋಳು. ದಾರಗಳನ್ನು ಮಾತ್ರ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ, ಒಂದು ಬಟ್ಟಲಲ್ಲಿ ಇಟ್ಟು ಹೋಗಿದ್ದರು.

ಹಜಾರದಲ್ಲಿ ಅಂದೇ ಹನ್ನೊಂದು ಗಂಟೆಗೆ ಉದ್ಘಾಟನೆ. ಅಂಟಮ್ಮ ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ಚಾವಣಿಯಿಂದ ಮುನ್ನೂರು ಕಾಗದದ ಹಕ್ಕಿಗಳು ನೂಲಿನಲ್ಲಿ ಜೋತಾಡುತ್ತಿದ್ದವು. ಒಂದು ಮೇಜಿನ ಮೇಲೆ ಹಾಳೆಯ ಹೂವು, ಹೂವಿನ ನಡುವೆ ತಿಂಡಿಯ ಫೋಟೋ. ಇನ್ನೊಂದರ ಮೇಲೆ ಹಾಳೆಯ ರೈಲು. ಗೋಡೆಗೆಲ್ಲ ಬಣ್ಣದ ಅಕ್ಷರ: ಇಂದು ಒಂದು ಪುಸ್ತಕ ತೆರೆಯಿರಿ. ತೆರೆಯುವುದಕ್ಕೆ ಪುಸ್ತಕ ಎಲ್ಲಿ ಉಳಿದಿತ್ತು? ಬೆನ್ನು ಮುರಿದ ರಟ್ಟುಗಳು ಒಂದು ದೀಪದ ಬುಡಕ್ಕೆ ಆನಿಸಿ ನಿಂತಿದ್ದವು. ಕಸಾಯಿ ಅಂಗಡಿಯ ಮುಂದೆ ಇದಕ್ಕಿಂತ ಮರ್ಯಾದೆ ಇರುತ್ತದೆ, ಅಲ್ಲಿ ಕೊಂದದ್ದನ್ನು ಹಕ್ಕಿ ಮಾಡಿ ಹಾರಿಸುವುದಿಲ್ಲ ಎನ್ನಿಸಿತು ಅವಳಿಗೆ. ಮೀನಿನ ಮುಳ್ಳಿಗೆ, ಮೊಟ್ಟೆಗೆ, ಉಗುರಿಗೆ ಬಂದ ಹೇಸಿಗೆಯೆಲ್ಲ ಒಟ್ಟು ಸೇರಿದರೂ ಇದರ ಕಾಲು ಭಾಗ ಆಗಲಿಕ್ಕಿಲ್ಲ.

"ಆ ದಪ್ಪ ಪ್ರವಾಸದ ಪುಸ್ತಕ ಏನು ಮಾಡಿದ್ರಿ?" ಎಂದು ಅಲಂಕಾರದಾಕೆಯನ್ನು ಕೇಳಿದಳು. ಮಿಕ್ಕ ಕೆಂಪು ದಾರದವಕ್ಕೆ ಬೇರೆ ಪ್ರತಿಗಳಾದರೂ ಇದ್ದವು.

"ಅದಾ? ಅಗೋ, ದೀಪದ ಕೆಳಗಿದೆ. ಪೂರ್ತಿ ಹಾಳು ಮಾಡಿಲ್ಲ ಅಮ್ಮಾ. ಕೊನೇ ಮೂರು ಫಾರಂ ಕೈಗೇ ಬಂದುಬಿಟ್ವು. ಅದರ ಕಾಗದ ಎಷ್ಟು ಮೆತ್ತಗಿತ್ತು ಅಂತೀರಿ, ಎಣ್ಣೆ ಹಚ್ಚಿದ ಹಾಗೆ. ಹಕ್ಕಿಗೆ ಹೇಳಿ ಮಾಡಿಸಿದ ಹಾಗಿತ್ತು."

ಫಾರಂ ಎಂದರೆ ಹದಿನಾರು ಪುಟದ ಒಂದು ಕಂತೆ. ಮೂರು ಫಾರಂ ಎಂದರೆ ನಲವತ್ತೆಂಟು ಪುಟ. ಇಪ್ಪತ್ತನಾಲ್ಕು ಹಾಳೆ, ಇಪ್ಪತ್ತನಾಲ್ಕು ಹಕ್ಕಿ. ಜಿಡ್ಡುಬೆರಳು ಓದದೆ ಉಳಿದದ್ದೂ ಅಷ್ಟೇ. ಚೀಟಿಯಲ್ಲಿ ಅಂಟಮ್ಮ ಬರೆದುಕೊಟ್ಟ ತಾರೀಖು ಅಂದಿನದೇ, ರಜೆಯಿಂದ ಬಂದ ಬೆಳಗ್ಗೆ ಮೊದಲು ಅದನ್ನೇ ಹೊಲಿಯುವ ಲೆಕ್ಕ ಅವಳದು.

"ಕೆಂಪು ದಾರ ಕಟ್ಟಿದ್ದನ್ನ ಯಾಕೆ ತಗೊಂಡ್ರಿ?"

"ನೀವೇ ದಾರ ನೋಡ್ಕೊಂಡು ತಗೊಳ್ಳಿ ಅಂದ್ರಲ್ಲಮ್ಮ. ಕೆಂಪು ಅಂದ್ರೆ ಬೇಡದ್ದು ಅಲ್ವಾ?" ಆಕೆಯ ಮುಖ ನಿಜಕ್ಕೂ ಸಣ್ಣದಾಯಿತು.

ಬೈಯಲೆಂದು ತೆರೆದ ಬಾಯಿಯನ್ನು ಅಂಟಮ್ಮ ಮುಚ್ಚಿಕೊಂಡಳು. ಒಂದು ಹೋಳು ಮೊಟ್ಟೆಗೆ ಹೇಸಿ ಎರಡು ಅಕ್ಷರ ನುಂಗಿದವಳು ತಾನು. ಇನ್ನು ಯಾರಿಗೆ ಬೈಯುವುದು? ಅವಳು ಮೂಲೆಯಲ್ಲಿದ್ದ ಏಣಿಯನ್ನು ಎಳೆದು ತಂದು, ಕಪ್ಪು ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿ, ಹತ್ತಿದಳು.

ಹಕ್ಕಿಯ ಮೈಮೇಲೆ ಅಕ್ಷರವಿತ್ತು, ನಿಜ. ಆದರೆ ಇವಳ ಹೊಸ ಕಣ್ಣಿಗೆ ಅದೆಲ್ಲ ಇರುವೆ ಸಾಲು. ಪುಟದ ಸಂಖ್ಯೆ ಮಡಿಕೆಯೊಳಗೆ. ಮುನ್ನೂರನ್ನೂ ಬಿಚ್ಚುತ್ತಾ ಕೂತರೆ ಸಂಜೆಯಾಗುತ್ತದೆ. ಹಾಗಾಗಿ ಅವಳು ಮೊದಲ ಹಕ್ಕಿಯ ಬಾಲ ಹಿಡಿದು ಮೂಗಿಗೆ ತಂದಳು. ಬೂಷ್ಟು. ಬೇಡ. ಎರಡನೆಯದು. ಬೀಡಿ. ಬೇಡ. ಮೂರನೆಯದಕ್ಕೆ ಗಂಟಲವರೆಗೆ ಹಳಸಲು ಎಣ್ಣೆಯ ಗಬ್ಬು ಇಳಿಯಿತು. ಜೀವಮಾನದಲ್ಲಿ ಮೊದಲ ಸಲ ಆ ವಾಸನೆಗೆ ಅವಳ ಜೀವ ತಣ್ಣಗಾಯಿತು. ನೂಲು ಕತ್ತರಿಸಿ ಹಕ್ಕಿಯನ್ನು ಚೀಲಕ್ಕೆ ಹಾಕಿದಳು.

ಹತ್ತು ಗಂಟೆಗೆ ಕೆಳಗಿನಿಂದ ಒಂದು ದನಿ ಬಂತು. "ಇಲ್ಲಿ ಅಂಟಮ್ಮ ಅಂದ್ರೆ ಯಾರು? ಪುಸ್ತಕ ಇವತ್ತು ಕೊಡ್ತೀನಿ ಅಂತ ಚೀಟಿಯಲ್ಲಿ ಬರೆದಿದ್ದಾರೆ."

ಒಣಕಲು ಹೆಂಗಸು. ಮೊಣಕೈವರೆಗೆ ಎಣ್ಣೆ ಸಿಡಿದ ಸುಟ್ಟ ಚುಕ್ಕೆಗಳು, ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಹಿಟ್ಟು. ರೈಲು ನಿಲ್ದಾಣದ ಕ್ಯಾಂಟೀನಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಬಾಣಲೆಯ ಮುಂದೆ ನಿಲ್ಲುವವಳು. ಗಾಳಿ ಬೀಸಿದ್ದೇ ಅಂಟಮ್ಮನ ಮೂಗಿಗೆ ಎಲ್ಲ ತಿಳಿದುಹೋಯಿತು.

"ನೀನೇನಾ?" ಎಂದಳು ಏಣಿಯ ಮೇಲಿಂದ. "ತಾಯೀ, ನೀನು ಪುಸ್ತಕ ಓದ್ತೀಯೋ, ಕರೀತೀಯೋ?"

"ಎರಡೂ" ಎಂದಳು ಕರಿಯುವವಳು, ಸ್ವಲ್ಪವೂ ನಾಚದೆ. "ಒಂದು ಸಲ ಎಣ್ಣೆಗೆ ಬಿಟ್ರೆ ಬೇಯೋಕೆ ಹೊತ್ತು ಬೇಕಲ್ಲ, ಅಷ್ಟರಲ್ಲಿ ಒಂದು ಪುಟ. ತಿರುಗಿಸಿ ಹಾಕಿದ್ರೆ ಇನ್ನರ್ಧ ಪುಟ. ಆ ಗಡಿಯಾರದವನು ಬೆಟ್ಟ ಹತ್ತೋ ದಿನ ಮಾತ್ರ ಒಂದು ಬಾಣಲೆ ಪೂರ್ತಿ ಸೀದುಹೋಯ್ತು. ಬೈಸ್ಕೊಂಡೆ. ಅದಿರಲಿ, ಪುಸ್ತಕ ಎಲ್ಲಿ?"

ಅಂಟಮ್ಮ ಒಂದೊಂದೇ ಮೆಟ್ಟಿಲು ಇಳಿದಳು. ಸುಳ್ಳು ಹೇಳಬಹುದಿತ್ತು, ಇನ್ನೊಂದು ವಾರ ಬಿಟ್ಟು ಬಾ ಎಂದು. ನಾಲಿಗೆ ತಿರುಗಲಿಲ್ಲ.

"ಮೇಲೆ ನೋಡು. ಅಲ್ಲಿ ನೇತಾಡ್ತಿದೆ. ತಪ್ಪು ನಂದೇ. ಬಿಳಿ ಅನ್ನೋದನ್ನ ಹೇಳದೆ ಬಿಟ್ಟೆ."

ಕರಿಯುವವಳು ತಲೆ ಎತ್ತಿ ನೋಡಿದಳು. ಬಾಯಿ ತೆರೆದೇ ಇತ್ತು. ಅವಳ ಮುಖದ ಮೇಲೆ ಬಂದದ್ದನ್ನು ಅಂಟಮ್ಮ ಕನ್ನಡಿಯಲ್ಲಿ ಎಷ್ಟೋ ಸಲ ಕಂಡಿದ್ದಳು. ಹಲ್ಲಿ ಬಿದ್ದ ಹಾಲನ್ನು ಕಂಡಾಗ ಬರುವ ಮುಖ ಅದು.

"ಥೂ! ಇದೆಂಥ ಹೊಲಸು ಕೆಲಸ! ಯಾರ ಮನೆ ಪುಸ್ತಕ ಅಂದ್ಕೊಂಡ್ರು?"

"ಬೈಯೋದು ಆಮೇಲೆ. ಈಗ ಏಣಿ ಹಿಡ್ಕೋ. ಹನ್ನೊಂದಕ್ಕೆ ಜನ ಬರ್ತಾರೆ."

"ಏಣಿ ನೀವು ಹಿಡ್ಕೊಳ್ಳಿ. ನಿಮ್ಮ ವಯಸ್ಸಿಗೆ ಬಿದ್ರೆ ನಿಮ್ಮನ್ನ ಯಾರು ಅಂಟಿಸ್ತಾರೆ?"

ಕರಿಯುವವಳು ಹಕ್ಕಿಗಳನ್ನು ಕಿತ್ತು ಕೆಳಗೆ ಚಾಚುವುದು, ಅಂಟಮ್ಮ ಮೂಸುವುದು, ಹೀಗೆ ನಡೆಯಿತು. ಒಂದು ಹಕ್ಕಿಯನ್ನು ಅಂಟಮ್ಮ ಚೀಲಕ್ಕೆ ಹಾಕಲು ಹೋದಾಗ ಮೇಲಿನವಳು ತಾನೂ ಇಸಿದುಕೊಂಡು ಮೂಸಿ ತಲೆಯಾಡಿಸಿದಳು.

"ಇದು ನಮ್ಮದಲ್ಲ. ಯಾರೋ ಬೆಣ್ಣೆ ಬ್ರೆಡ್ಡು ತಿಂದಿರೋದು. ನಮ್ಮ ಬಾಣಲೆ ಎಣ್ಣೆ ಮೂರು ದಿನದ್ದು, ಅದಕ್ಕೆ ಒಂದು ಖಾರ ಇರುತ್ತೆ."

"ಮೂರು ದಿನದ್ದಾ? ರಾಮ ರಾಮ. ಅದನ್ನ ಜನ ತಿಂತಾರಾ?"

"ಎರಡು ನಿಮಿಷ ನಿಲ್ಲೋ ರೈಲಲ್ಲಿ ಇಳಿದವರಿಗೆ ಯಾವ ಮೂಗು ಅಕ್ಕಾ?"

ಯಾವಾಗ ಅಕ್ಕ ಆದಳೋ ಅಂಟಮ್ಮನಿಗೆ ಗೊತ್ತಾಗಲಿಲ್ಲ. ಅಲಂಕಾರದಾಕೆ ಅಳುಮುಖ ಮಾಡಿಕೊಂಡು, ಖಾಲಿಯಾದ ನೂಲುಗಳಿಗೆ ಬೇರೆ ಹಕ್ಕಿಗಳನ್ನು ಹಂಚಿ ಕಟ್ಟುತ್ತಾ ಬಂದಳು. ಹತ್ತೂ ಮುಕ್ಕಾಲರ ಹೊತ್ತಿಗೆ ಚೀಲದಲ್ಲಿ ಇಪ್ಪತ್ತಮೂರು ಹಕ್ಕಿ. ಬಿಚ್ಚಿ ಸಾಲಾಗಿ ಇಟ್ಟು ಕರಿಯುವವಳು ಸಂಖ್ಯೆ ಓದಿದಳು. ಮುನ್ನೂರ ಅರವತ್ತೊಂಬತ್ತರಿಂದ ನಾನೂರ ಹದಿನಾಲ್ಕರವರೆಗೆ ಎಲ್ಲವೂ ಇದ್ದವು. ಪ್ರತಿ ಹಾಳೆಯ ನಡುವೆ ನೂಲು ಪೋಣಿಸಿದ ತೂತು. ಕೊನೆಯ ಹಾಳೆ ಮಾತ್ರ ಇಲ್ಲ.

"ಕೊನೇದು ಎಲ್ಲಿ?"

ಅಲಂಕಾರದಾಕೆ ಬಾಗಿಲ ಕಡೆ ನೋಡಿದಳು. "ಅದು ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಮುಖ್ಯ ಅತಿಥಿಗಳ ಕೋಟಿಗೆ ಸಿಕ್ಕಿಸೋಕೆ ಅಂತ ನಿನ್ನೆ ಸಂಜೆಯೇ ಅವರ ಕಡೆಯವರು ತಗೊಂಡ್ಹೋದ್ರು."

ಮುಖ್ಯ ಅತಿಥಿ ದಿನಾ ಬೆಳಗ್ಗೆ ರೇಡಿಯೋದಲ್ಲಿ ಜನಕ್ಕೆ ಸ್ಫೂರ್ತಿ ಕೊಡುವವರು. ಬಂದರು, ಬರುವ ಮುಂಚೆ ಅವರ ಸೆಂಟು ಬಂತು. ಮಲ್ಲಿಗೆಯ ಮೇಲೆ ಗಂಧ ಸುರಿದು, ಗಂಧದ ಮೇಲೆ ಸೋಪು ಕರಗಿಸಿದ ಹಾಗಿತ್ತು ಅದು. ಎದೆಯ ಮೇಲೆ ಹಕ್ಕಿ. ಜನ ಕೂತರು, ದೀಪ ಉರಿಯಿತು, ಮೇಡಂ ಸ್ವಾಗತಿಸಿದರು, ಅವರು ಶುರು ಮಾಡಿದರು.

"ಬಂಧುಗಳೇ, ಸ್ಫೂರ್ತಿ ದೂರ ಎಲ್ಲೂ ಇಲ್ಲ. ಒಂದು ಬಟ್ಟಲು ಚಹಾದಲ್ಲಿದೆ. ಒಂದು ಬಿಸಿ ತುತ್ತಿನಲ್ಲಿದೆ. ರೈಲಿನ ಕಿಟಕಿ ಪಕ್ಕದ ಜಾಗದಲ್ಲಿದೆ. ನನಗಂತೂ ಪುಸ್ತಕದ ವಾಸನೆ ಒಂದೇ ಸಾಕು. ದಿನಾ ಬೆಳಗ್ಗೆ ಒಂದು ಹಳೇ ಪುಸ್ತಕ ಬಿಡಿಸಿ ಹೀಗೆ ಮೂಗಿಗೆ ಹಿಡಿದು..." ಎಂದು ಕಣ್ಣು ಮುಚ್ಚಿ ಗಾಳಿಯನ್ನು ಒಳಗೆ ಎಳೆದರು.

ಕಣ್ಣು ತೆರೆದಾಗ ಎದುರಿಗೆ ಒಬ್ಬ ಮುದುಕಿ. ಕಪ್ಪು ಕನ್ನಡಕ ತಲೆಯ ಮೇಲಿದೆ. ಅವಳು ಬಗ್ಗಿ ಅವರ ಎದೆಯನ್ನು ಮೂಸುತ್ತಿದ್ದಾಳೆ.

ಸಭೆ ಗೊಳ್ಳೆಂದಿತು. ಮೇಡಂ ಅರ್ಧ ಎದ್ದು ನಿಂತರು. "ಅಂಟಮ್ಮ! ಏನು ಮಾಡ್ತಿದ್ದೀರಿ?"

"ಸಾರ್ ಹೇಳಿದ್ದನ್ನೇ ಮಾಡ್ತಿದ್ದೀನಿ ಮೇಡಂ." ಸೆಂಟಿನ ಅಡಿಯಲ್ಲಿ, ಬಹಳ ಕೆಳಗೆ, ಮೂರು ದಿನದ ಎಣ್ಣೆ ಅವಳಿಗೆ ಸಿಕ್ಕಿತು. "ಸಾರ್, ನಿಮಗೆ ಪುಸ್ತಕದ ವಾಸನೆ ಅಂದ್ರೆ ಪ್ರಾಣ ಅಂದ್ರಲ್ಲ, ಈ ಹಕ್ಕಿ ಮೂಸಿ ನೋಡಿದ್ದೀರಾ?"

ಅತಿಥಿ ನಗುತ್ತಲೇ ಹಕ್ಕಿಯನ್ನು ಪಿನ್ನಿನಿಂದ ಬಿಡಿಸಿದರು. ಎಲ್ಲರೂ ನೋಡುತ್ತಿದ್ದಾರೆ, ಮೂಗಿಗೆ ಹಿಡಿಯದೆ ವಿಧಿಯಿಲ್ಲ. ಹಿಡಿದರು. ನಗು ಇದ್ದಲ್ಲೇ ಇತ್ತು, ಕಣ್ಣು ಮಾತ್ರ ಒದ್ದೆಯಾಯಿತು. ಮೂಗಿನ ಹೊಳ್ಳೆ ಮೇಲೇರಿ, ತುಟಿ ಒಂದು ಕಡೆ ಸೊಟ್ಟಗಾಗಿ, ಕೈ ತಾನಾಗಿಯೇ ದೂರ ಚಾಚಿಕೊಂಡಿತು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಾಗ ಚಾಚುವುದು ಹಾಗೇ.

"ತಗೊಳ್ಳಿ, ತಗೊಳ್ಳಿ" ಎಂದರು.

ಅಂಟಮ್ಮ ತೆಗೆದುಕೊಂಡಳು. "ಈ ವಾಸನೆಯಲ್ಲಿ ಒಬ್ಬಳು ಮುನ್ನೂರ ಅರವತ್ತೆಂಟು ಪುಟ ಓದಿದ್ದಾಳೆ ಸಾರ್" ಎಂದು ಹೇಳಿ ಹಿಂಬದಿಯ ಕೋಣೆಗೆ ಹೊರಟುಹೋದಳು. ಬಾಗಿಲಿನ ಹತ್ತಿರ ನಿಂತಿದ್ದ ಕೌಂಟರಿನ ಗುಮಾಸ್ತ ಮುಖವನ್ನು ಗೋಡೆಗೆ ತಿರುಗಿಸಿಕೊಂಡು ನಗುತ್ತಿದ್ದ. ಮೇಡಂ ಮಧ್ಯಾಹ್ನ ಕರೆದು ಬೈದರು, ಅದೂ ಆಯಿತು. ಬೈಗುಳಕ್ಕೆ ವಾಸನೆಯಿಲ್ಲ, ಅಂಟಮ್ಮನಿಗೆ ಅದರಿಂದ ತೊಂದರೆಯಿಲ್ಲ.

ಕರಿಯುವವಳಿಗೆ ಇನ್ನೊಂದು ಚೀಟಿ ಬರೆದುಕೊಟ್ಟಳು, ಎಂಟು ದಿನಕ್ಕೆ. ಇಪ್ಪತ್ತನಾಲ್ಕು ಹಾಳೆಗಳನ್ನು ಒದ್ದೆ ಬಟ್ಟೆಯ ನಡುವೆ ಇಟ್ಟು ಸುಕ್ಕು ಬಿಡಿಸಿದಳು. ತೂತಿಗೆ ತೆಳುಕಾಗದದ ಚುಕ್ಕೆ ಹಾಕಿದಳು. ಕತ್ತರಿಸಿದ ಅಂಚುಗಳನ್ನು ಸಣ್ಣ ಪಟ್ಟಿಯಿಂದ ಎರಡೆರಡಾಗಿ ಜೋಡಿಸಿ, ಮತ್ತೆ ಮೂರು ಫಾರಂ ಮಾಡಿ, ಹೊಲಿದಳು. ಸೀಮೆಸುಣ್ಣದ ಪುಡಿ ಉದುರಿಸಿ ಎಣ್ಣೆ ಹೀರಿಸಿದಳು. ಇಡೀ ಹೊತ್ತೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೈಯುತ್ತಲೇ ಇದ್ದಳು. ಒತ್ತುಯಂತ್ರದಿಂದ ತೆಗೆದಾಗಲೂ ಹಾಳೆಗಳ ಮೇಲೆ ರೆಕ್ಕೆಯ ಮಡಿಕೆಗಳು ಹಾಗೇ ಇದ್ದವು. ಅವು ಹೋಗುವಂಥವಲ್ಲ. ಕೊನೆಯ ಹಾಳೆಯನ್ನು ಮೂರು ದಿನ ಕಿಟಕಿಯಲ್ಲಿ ಬೇರೆಯಾಗಿ ತೂಗುಹಾಕಿದ್ದಳು, ಆದರೂ ಸೆಂಟು ಜಗ್ಗಲಿಲ್ಲ. ಎಣ್ಣೆಗಾದರೆ ಸೀಮೆಸುಣ್ಣ ಇದೆ. ಇದಕ್ಕೆ ಔಷಧ ಅವಳಿಗೆ ಗೊತ್ತಿರಲಿಲ್ಲ.

ಎಂಟನೆಯ ದಿನ ಪುಸ್ತಕ ಕೊಟ್ಟಳು. ಎರಡು ವಾರ ಕಳೆದು ಕರಿಯುವವಳು ನೇರ ಹಿಂಬದಿಯ ಕೋಣೆಗೇ ಬಂದಳು. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

"ಅಕ್ಕಾ, ಪುಸ್ತಕನ ಹೀಗಾ ಇಟ್ಟುಕೊಳ್ಳೋದು? ಎಷ್ಟು ಹೇಸಿಗೆ!"

ಅಂಟಮ್ಮ ಸೂಜಿ ಕೆಳಗಿಟ್ಟಳು. "ಏನಂದೆ? ಯಾರು ಯಾರಿಗೆ ಹೇಳ್ತಿರೋದು?"

"ಕೊನೇ ಹಾಳೆ ನೋಡಿ. ಅದೆಂಥ ವಾಸನೆ, ಥೂ ಥೂ! ಬಿಡಿಸಿದ್ರೆ ತಲೆ ಗಿರ್ ಅನ್ನುತ್ತೆ. ಎಲ್ಲಾ ಓದಿದೆ. ನಾಲ್ಕು ಸಲ ಪ್ರಯತ್ನಪಟ್ಟೆ, ಇದೊಂದು ಹಾಳೆ ಆಗ್ಲೇ ಇಲ್ಲ. ಹೊಟ್ಟೆ ತೊಳಸಿ ಬಂತು. ಬಾಣಲೆ ಮುಂದೆ ಇಪ್ಪತ್ತು ವರ್ಷ ನಿಂತವಳು ನಾನು, ನನಗೇ ಆಗ್ಲಿಲ್ಲ. ಅವನು ಮನೆ ಸೇರಿದ್ನೋ ಇಲ್ವೋ ಅಂತ ಗೊತ್ತಾಗದೆ ಎರಡು ದಿನದಿಂದ ಉಪ್ಪು ಹೆಚ್ಚು ಹಾಕ್ತಿದ್ದೀನಿ."

ಅಂಟಮ್ಮ ಪುಟ ತಿರುವಿದಳು. ನಾನೂರ ಹದಿನಾಲ್ಕರವರೆಗೆ ಮೂಲೆ ಮೂಲೆಗೂ ಹೊಸ ಹೆಬ್ಬೆರಳು, ಸೀಮೆಸುಣ್ಣದ ಶ್ರಮವೆಲ್ಲ ನೀರಲ್ಲಿ ಮಾಡಿದ ಹೋಮ. ಕೊನೆಯ ಹಾಳೆ ಮಾತ್ರ ಚೊಕ್ಕಟ. ಅವಳ ಹೊಟ್ಟೆಯೊಳಗಿನಿಂದ ಏನೋ ಎದ್ದು ಬಂತು. ವಾಂತಿಯೇ ಇರಬೇಕು ಎಂದುಕೊಂಡಳು, ಅಭ್ಯಾಸ ಹಾಗಿತ್ತು. ನೋಡಿದರೆ ನಗು. ಒತ್ತುಯಂತ್ರ ಹಿಡಿದುಕೊಂಡು ನಕ್ಕಳು, ಪೊರೆ ತೆಗೆದ ಕಣ್ಣಿನಲ್ಲಿ ನೀರು ಬರುವವರೆಗೆ.

"ಕೂತ್ಕೋ" ಎಂದಳು ಕೊನೆಗೆ. "ದೂರ ಕೂತ್ಕೋ, ನಿನ್ನ ವಾಸನೆ ನನಗಾಗಲ್ಲ. ನಾನು ಓದ್ತೀನಿ."

"ನೀವು ಓದಲ್ಲ ಅಂತ ಕೌಂಟರಿನವರು ಹೇಳಿದ್ರು."

"ಇವತ್ತು ಒಂದು ಹಾಳೆ ಓದ್ತೀನಿ. ಸೂಜಿ ತುಕ್ಕು ಹಿಡಿದ್ರೆ ನಿನ್ನ ಎಣ್ಣೆ ಹಚ್ಚು."

ಬಟ್ಟೆಯನ್ನು ಮೂಗಿಗೆ ಬಿಗಿದುಕೊಂಡು, ಪುಸ್ತಕವನ್ನು ಕೈಯಳತೆಯಲ್ಲಿ ಹಿಡಿದು, ಅಂಟಮ್ಮ ಬೆಳಕಿನ ಕಡೆ ತಿರುಗಿದಳು. ಹೊಸ ಕಣ್ಣಿಗೆ ಈಗ ಅಕ್ಷರಗಳು ಇರುವೆಗಳಾಗಿರಲಿಲ್ಲ. ಮಡಿಕೆ ಬಂದ ಕಡೆ ತಡೆಯುತ್ತಾ, ತೂತಿಗೆ ಹಾಕಿದ ಚುಕ್ಕೆಯ ಹತ್ತಿರ ಹೋದ ಅಕ್ಷರವನ್ನು ಊಹಿಸುತ್ತಾ ಓದಿದಳು. ಗಡಿಯಾರದವನು ಮೂರು ವರ್ಷದ ಮೇಲೆ ತನ್ನ ಬೀದಿಗೆ ಬರುತ್ತಾನೆ. ಗಡ್ಡದಲ್ಲಿ ಧೂಳು, ಬಟ್ಟೆಯಲ್ಲಿ ಹೇನು, ಕಾಲಿನ ಬಿರುಕಿನಲ್ಲಿ ಏಳು ಊರಿನ ಕೆಸರು. ಬಾಗಿಲು ತಟ್ಟುತ್ತಾನೆ. ತಾಯಿ ಬಾಗಿಲು ತೆಗೆಯುತ್ತಾಳೆ, ಮೇಲಿನಿಂದ ಕೆಳಗಿನವರೆಗೆ ನೋಡುತ್ತಾಳೆ. ಕೊನೆಯ ಸಾಲು ಅವಳ ಮಾತು.

ಅಂಟಮ್ಮ ಅದನ್ನು ಓದುವ ಮೊದಲು ಮೂಗಿನ ಬಟ್ಟೆಯನ್ನು ಕೆಳಗೆ ಎಳೆದುಕೊಂಡಳು. ಬಟ್ಟೆಯೊಳಗಿಂದ ಆಡುವ ಮಾತಾಗಿರಲಿಲ್ಲ ಅದು.

"'ಥೂ, ಎಷ್ಟು ಗಲೀಜಾಗಿ ಬಂದಿದ್ದೀಯೋ! ಅಲ್ಲೇ ನಿಲ್ಲು, ಒಳಗೆ ಕಾಲಿಡಬೇಡ. ನೀರು ತರ್ತೀನಿ.'"

ಕರಿಯುವವಳು ಸೊಂಟದ ಬಟ್ಟೆಯಿಂದ ಕಣ್ಣೊರೆಸಿಕೊಂಡಳು, ಹಿಟ್ಟು ರೆಪ್ಪೆಗೆ ಹತ್ತಿತು.

"ಇನ್ನೊಂದು ಸಲ ಓದಿ ಅಕ್ಕಾ."

"ಆಗಲ್ಲ, ಸೆಂಟು" ಎಂದಳು ಅಂಟಮ್ಮ. ಆಮೇಲೆ ಮೂಗನ್ನು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಸಲ ಓದಿದಳು.